ಎರಡನೇ ಸಲ ಅಳೆಯದ ತ್ರಿಕೋನ

ನಮ್ಮ ಪಕ್ಕದ ಬೀದಿಯ ಕಾವ್ಯ ಸರ್ವೆ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಸಿಹಿ ಕೊಡಲು ಬಂದವಳು ಫೋನಿನಲ್ಲಿ ನಮ್ಮ ಬಡಾವಣೆಯ ಚಿತ್ರ ತೆಗೆದು, ಪಾರ್ಕಿನ ಮೂರು ಮೂಲೆಗಳ ಮೇಲೆ ಬೆರಳು ಒತ್ತಿ, "ನೋಡಿ ಅಂಕಲ್, ಏರಿಯಾ ಬಂದೇ ಬಿಡ್ತು" ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡುವಷ್ಟರಲ್ಲಿ ಲೆಕ್ಕ ಮುಗಿದಿತ್ತು. "ನಿಮ್ ಕಾಲದಲ್ಲಿ ಇದಕ್ಕೆ ಎಷ್ಟ್ ಹೊತ್ತು ಬೇಕಿತ್ತು?" ಎಂದು ಕೇಳಿದಳು. ಅರ್ಧ ದಿನ ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಅವಳು ಹೋದ ಮೇಲೆ ಮಾತ್ರ ಮನಸ್ಸಿಗೆ ಸಮಾಧಾನ ಇರಲಿಲ್ಲ. ಅವಳಿಗೂ ಅವಳ ಜೊತೆಯವರಿಗೂ ಹೇಳಬೇಕಾದದ್ದೊಂದಿದೆ. ಎದುರಿಗೆ ಕೂತು ಹೇಳುವ ಧೈರ್ಯ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ನನ್ನ ಬಡ್ತಿಗಳ ವಿಷಯ ಇಲ್ಲಿ ಬರುವುದಿಲ್ಲ. ಅವು ತಲೆ ನರೆತ ಹಾಗೆ ಒಂದೊಂದಾಗಿ ತಾವೇ ಬಂದವು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ನನ್ನಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ ಎಂದು ಮೂವರು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಅಂದುಕೊಂಡರು.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಆಗ ಊರು ಪಶ್ಚಿಮಕ್ಕೆ ಬೆಳೆಯುತ್ತಿತ್ತು. ರಾಜಾಜಿನಗರ ದಾಟಿದರೆ ರಾಗಿ ಹೊಲ, ಮಾಗಡಿ ರಸ್ತೆ ದಾಟಿದರೆ ರಾಗಿ ಹೊಲ, ನಾಯಂಡಹಳ್ಳಿಯ ಆಚೆಗೆ ತೋಪು, ಹಳ್ಳ, ಮತ್ತೆ ರಾಗಿ ಹೊಲ. ಅದೆಲ್ಲವನ್ನೂ ಅಳೆದು, ನಕ್ಷೆ ಮಾಡಿ, ಬಡಾವಣೆಗೆ ಒಪ್ಪಿಸುವುದು ನಮ್ಮ ಕಚೇರಿಯ ಕೆಲಸ. ಬೆಳಗ್ಗೆ ಬಸ್ಸಿಳಿದು ಹೊಲಕ್ಕೆ ನಡೆದರೆ ಸಂಜೆ ಕಾಲಿನ ತುಂಬ ಉತ್ತರಾಣಿ ಮುಳ್ಳು. ಅದನ್ನು ಕೀಳುತ್ತಾ ಕೂತಾಗ ನಮ್ಮ ತಾಯಿ, "ಸರ್ಕಾರಿ ಕೆಲಸ ಅಂದ್ರೆ ಫ್ಯಾನ್ ಕೆಳಗೆ ಕೂರೋದು ಅಂದ್ಕೊಂಡಿದ್ದೆ ಕಣೋ" ಎನ್ನುತ್ತಿದ್ದರು.

ಆಗಿನ ಅಳತೆಯ ವಿಚಾರ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಬ್ಬಿಣದ ಸರಪಳಿ ಮೂವತ್ತಮೂರು ಅಡಿ ಉದ್ದ. ಅದರಲ್ಲಿ ಹದಿನಾರು ಆಣೆ. ಈ ಆಣೆ ದುಡ್ಡಿನದಲ್ಲ, ಉದ್ದದ್ದು. ಒಂದು ಆಣೆ ಎಂದರೆ ಎರಡು ಅಡಿಗೆ ಒಂದು ಚೂರು ಹೆಚ್ಚು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದ ನೆಲ ಒಂದು ಗುಂಟೆ. ಗುಂಟೆಯನ್ನೂ ಹದಿನಾರು ಆಣೆಗಳಾಗಿಯೇ ಎಣಿಸುತ್ತಿದ್ದೆವು. ಯಾವ ಹೊಲವೂ ಪುಸ್ತಕದಲ್ಲಿರುವ ಚೌಕದ ಹಾಗೆ ಇರುವುದಿಲ್ಲ. ಬದು ಸೊಟ್ಟ, ಓಣಿ ಸೊಟ್ಟ, ಹಳ್ಳವಂತೂ ಅದರಿಷ್ಟ. ಆದ್ದರಿಂದ ಎಂಥ ಹೊಲವನ್ನಾದರೂ ತ್ರಿಕೋನಗಳಾಗಿ ಒಡೆದು, ಒಂದೊಂದರ ಪಾದವನ್ನೂ ಎತ್ತರವನ್ನೂ ಅಳೆದು, ಗುಣಿಸಿ, ಅರ್ಧ ಮಾಡಿ, ಎಲ್ಲವನ್ನೂ ಕೂಡುತ್ತಿದ್ದೆವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ್ದು ಇಷ್ಟೇ.

ಇದನ್ನು ನನಗೆ ಕಲಿಸಿದವರು ನಮ್ಮ ಮೇಲ್ವಿಚಾರಕರು ಸುಬ್ಬರಾಯರು. ಕಚ್ಚೆಪಂಚೆ, ಕರಿ ಕೋಟು, ಕಂಕುಳಲ್ಲಿ ಕೊಡೆ. ಸಿಟ್ಟು ಮೂಗಿನ ತುದಿಯಲ್ಲಿ. ನಾನು ಸೇರಿದ ಹೊಸದರಲ್ಲಿ ಕುರುಬರಹಳ್ಳಿಯ ಕಡೆ ಒಂದು ಮೂರು ಮೂಲೆ ಹೊಲ ಅಳೆಯಲು ಕಳಿಸಿದರು. ಹೊಲದ ಯಜಮಾನ ಬದುವಿನ ಮೇಲೆ ಆರಾಮವಾಗಿ ನಡೆಸಿಕೊಂಡು ಹೋಗಿ, "ನಮ್ಮಪ್ಪನ ಕಾಲದಿಂದ ಹಿಂಗೇ ಸಾಮಿ ಅಳೆಯೋದು. ಈ ಕಡೆ ಬದ, ಆ ಕಡೆ ಬದ, ಗುಣಿಸಿ ಅರ್ಧ ಮಾಡಿದ್ರೆ ಆಯ್ತು" ಎಂದ. ಪೈರಿನ ಮಧ್ಯೆ ಇಳಿಯುವುದಕ್ಕಿಂತ ಬದುವಿನ ಮೇಲೆ ನಡೆಯುವುದು ಸುಖವಾಗಿತ್ತು. ಓರೆ ಬದುವನ್ನೇ ಎತ್ತರ ಎಂದು ಬರೆದುಕೊಂಡು ಬಂದೆ.

ಸುಬ್ಬರಾಯರು ನನ್ನ ನಕ್ಷೆಯನ್ನು ನೋಡಿ ಏನೂ ಬೈಯಲಿಲ್ಲ. ನನ್ನನ್ನು ಕಚೇರಿಯ ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಒಂದು ಏಣಿ ಒರಗಿಸಿತ್ತು.

"ಏಣಿ ಎಷ್ಟುದ್ದ ಇದೆ?"

"ಹದಿನೈದು ಅಡಿ ಇರಬಹುದು ಸಾರ್."

"ಹಂಗಂತ ಗೋಡೆ ಹದಿನೈದು ಅಡಿ ಎತ್ತರ ಆಗತ್ತೇನಯ್ಯ?"

ಆಮೇಲೆ ಒಳಗೆ ಬಂದು, ಕಾಫಿಪುಡಿ ಕಟ್ಟಿ ಕೊಟ್ಟಿದ್ದ ಕಾಗದವನ್ನು ತ್ರಿಕೋನವಾಗಿ ಹರಿದರು. ಮೇಲಿನ ಮೂಲೆಯನ್ನು ನೇರವಾಗಿ ಕೆಳಗಿನ ಅಂಚಿಗೆ ಮಡಚಿದರು. ಎಡಮೂಲೆ, ಬಲಮೂಲೆ ಎರಡನ್ನೂ ಅದೇ ಜಾಗಕ್ಕೆ ಮಡಚಿದರು. ಮೂರೂ ಒಂದಕ್ಕೊಂದು ಮುಟ್ಟಿಕೊಂಡು ಎಲ್ಲ ಕಡೆ ಎರಡು ಪದರದ ಒಂದು ಆಯತವಾಯಿತು. ಅದರ ಉದ್ದ ಪಾದದ ಅರ್ಧ, ಅಗಲ ಎತ್ತರದ ಅರ್ಧ. "ಎರಡು ಪದರ ಇದೆ, ಅಂದ್ರೆ ಎರಡರಷ್ಟು. ಈಗ ಗುಣಿಸಿ ಹೇಳು" ಎಂದರು. ಗುಣಿಸಿದೆ. ಪಾದ ಗುಣಿಸು ಎತ್ತರದ ಅರ್ಧ ಸರಿಯಾಗಿ ಬಂತು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದನ್ನು ಆವತ್ತು ಕಣ್ಣಾರೆ ನೋಡಿದೆ. ಕಾಗದದ ಕಾಫಿ ವಾಸನೆ ಸಂಜೆಯ ತನಕ ಕೈಯಲ್ಲಿತ್ತು.

ಅವರದು ಇನ್ನೊಂದು ಕಟ್ಟುನಿಟ್ಟು ಇತ್ತು. ಪ್ರತಿ ತ್ರಿಕೋನವನ್ನೂ ಎರಡು ಸಲ ಅಳೆಯಬೇಕು. ಮೊದಲು ಒಂದು ಬದಿಯನ್ನು ಪಾದ ಮಾಡಿಕೊಂಡು, ಆಮೇಲೆ ಇನ್ನೊಂದು ಬದಿಯನ್ನು ಪಾದ ಮಾಡಿಕೊಂಡು. ಅಳತೆ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಖಾನೆ. ಎರಡು ಲೆಕ್ಕ ಹತ್ತಿರ ಹತ್ತಿರ ಬಂದರೆ ಕೆಳಗೆ ಸಹಿ. ಬರದಿದ್ದರೆ ಮತ್ತೆ ಹೊಲಕ್ಕೆ. ನಮಗೆಲ್ಲ ಇದು ಅವರ ಹಟಮಾರಿತನ ಎನ್ನಿಸುತ್ತಿತ್ತು. ಬೆನ್ನ ಹಿಂದೆ ಅವರನ್ನು ಎರಡನೇ ಖಾನೆ ರಾಯರು ಎಂದು ಕರೆಯುತ್ತಿದ್ದೆವು.

ಅವರು ಬರೀ ಸಿಟ್ಟಿನವರಲ್ಲ ಎನ್ನುವುದು ಕೆಂಗೇರಿಯಲ್ಲಿ ಗೊತ್ತಾಯಿತು. ನನ್ನ ಜೊತೆ ಸರಪಳಿ ಹಿಡಿಯುತ್ತಿದ್ದವನು ಮುನಿಶಾಮಪ್ಪ. ನನಗಿಂತ ಹದಿನೈದು ವರ್ಷ ದೊಡ್ಡವನು, ಕಾಮಾಕ್ಷಿಪಾಳ್ಯದವನು, ಎತ್ತಿನಂಥ ಮನುಷ್ಯ. ಅವನು ಎಳೆದೂ ಎಳೆದೂ ಸರಪಳಿಯ ಒಂದು ಬಳೆ ಬಾಯಿ ಬಿಟ್ಟು, ಸರಪಳಿ ಅರ್ಧ ಅಡಿ ಉದ್ದವಾಗಿತ್ತು. ಕಚೇರಿಯ ಜಗಲಿಯಲ್ಲಿ ಮೂವತ್ತಮೂರು ಅಡಿ ಅಂತರಕ್ಕೆ ಎರಡು ಮೊಳೆ ಹೊಡೆದಿತ್ತು. ಪ್ರತಿ ಸೋಮವಾರ ಅದರ ಮೇಲೆ ಸರಪಳಿ ಹಿಡಿದು ನೋಡಬೇಕು. ನಾವು ಆ ಸೋಮವಾರ ನೋಡಿರಲಿಲ್ಲ. ಒಂದು ವಾರ ಕೆಂಗೇರಿಯಲ್ಲಿ ಅಳೆದದ್ದೆಲ್ಲ ಮಣ್ಣುಪಾಲಾಯಿತು. ಹೋಗಿ ಒಪ್ಪಿಕೊಂಡೆ. ಸುಬ್ಬರಾಯರು ಕೊಡೆ ಕೈಗೆತ್ತಿಕೊಂಡು, "ಹೇಳಿದ್ಯಲ್ಲ, ಒಳ್ಳೇದಾಯ್ತು. ನಡಿ, ನಾನೂ ಬರ್ತೀನಿ" ಎಂದರು. ಆ ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ನಾಲ್ಕು ದಿನ ನಮ್ಮ ಜೊತೆ ಬದು ಬದು ಸುತ್ತಿದರು. ನನ್ನ ಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲ. ಇಂಥ ಅಧಿಕಾರಿ ಇದ್ದರೂ ನಾನು ಮಾಡಿದ್ದೇನು ಎನ್ನುವುದು ಮುಂದಿದೆ.

ನಾಯಂಡಹಳ್ಳಿಯಿಂದ ಒಳಕ್ಕೆ, ವಿಜಯನಗರದ ಕಡೆಗೆ, ಒಂದು ಹೊಸ ಬಡಾವಣೆಗೆ ಜಮೀನು ಗುರುತು ಮಾಡುತ್ತಿದ್ದೆವು. ಗುಡಿಯೋ ಸಮಾಧಿಯೋ ಇರುವ ತುಂಡು ನೆಲ ಬಡಾವಣೆಯ ಅಂಚಿನಲ್ಲಿದ್ದು, ಹತ್ತು ಗುಂಟೆಯ ಒಳಗೆ ಇದ್ದರೆ ಅದನ್ನು ಬಿಟ್ಟುಬಿಡುವ ಪಟ್ಟಿಗೆ ಸೇರಿಸುವುದು ಆಗ ನಮ್ಮ ಕಚೇರಿಯ ರೂಢಿ. ಹತ್ತು ದಾಟಿದರೆ ಇಲ್ಲ. ಅಂಥದೊಂದು ತುಂಡು ರುದ್ರಮ್ಮ ಎಂಬ ಹೆಂಗಸಿನದು. ಅವರ ಮಿಕ್ಕ ಹೊಲವೆಲ್ಲ ಆಗಲೇ ಬಡಾವಣೆಯ ನಕ್ಷೆಯೊಳಗೆ ಹೋಗಿತ್ತು. ಅದಕ್ಕೆ ಅವರು ತಕರಾರು ಮಾಡಿರಲಿಲ್ಲ. ಉಳಿದಿದ್ದು ಗಾಡಿ ಓಣಿಗೂ ಹಳ್ಳಕ್ಕೂ ನಡುವೆ ಈ ಮೂರು ಮೂಲೆ ಜಾಗ. ಅಲ್ಲಿ ಅವರ ಗಂಡನ ಗದ್ದುಗೆ ಇತ್ತು.

ರುದ್ರಮ್ಮನಿಗೆ ಆಗ ಐವತ್ತು ಇರಬಹುದು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಸಂಪ್ರದಾಯದಂತೆ ಸ್ವಂತ ಹೊಲದಲ್ಲೇ ಕುಳ್ಳಿರಿಸಿ ಸಮಾಧಿ ಮಾಡಿ, ಮೇಲೆ ಕಲ್ಲು ಕಟ್ಟಿಸಿ, ಪಕ್ಕದಲ್ಲಿ ಒಂದು ಬಿಲ್ವದ ಸಸಿ ನೆಟ್ಟಿದ್ದರು. ನಾವು ಹೋದಾಗ ಆಕೆ ಸಸಿಗೆ ನೀರು ಹಾಕುತ್ತಿದ್ದರು. ನಮಗೆ ಮಜ್ಜಿಗೆ ಕೊಟ್ಟು, "ಈ ಮೂಲೆ ಒಂದು ಉಳೀತದಲ್ವಾ ಸ್ವಾಮಿ?" ಎಂದು ಕೇಳಿದರು. ಅಳೆದರೆ ಗೊತ್ತಾಗುತ್ತದಮ್ಮ ಎಂದೆ. "ನಮ್ಮ ಯಜಮಾನ್ರು ಯಾವಾಗ್ಲೂ ಅನ್ನೋರು, ಇದು ಹತ್ತು ಗುಂಟೆಗೆ ಒಂದಾಣೆ ಕಮ್ಮಿ ಅಂತ. ಪಾಲಾದಾಗ ಅಳೆಸಿದ್ರಂತೆ." ಎಲ್ಲ ರೈತರೂ ಹೀಗೆ ಏನಾದರೂ ಹೇಳುತ್ತಾರೆ ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಓಣಿಯ ಬದಿಯನ್ನು ಪಾದ ಮಾಡಿಕೊಂಡೆವು. ಸರಿಯಾಗಿ ಆರು ಸರಪಳಿ. ಹಳ್ಳದ ಕಡೆಯ ತುದಿಯಲ್ಲಿ ಗಡಿಕಲ್ಲು, ಅದರ ಪಕ್ಕ ಬಾವುಟ ನೆಟ್ಟೆವು. ಆ ತುದಿಯಿಂದ ಪಾದಕ್ಕೆ ನೇರವಾಗಿ ಬೀಳುವ ಗೆರೆಯೇ ಎತ್ತರ. ಅದು ಪಾದದ ಮೇಲೆ ಎಲ್ಲಿ ಬೀಳುತ್ತದೆ ಎಂದು ಹುಡುಕಲು ನಮ್ಮಲ್ಲಿ ಒಂದು ಕೋಲು ಇತ್ತು. ಕೋಲಿನ ತಲೆಯಲ್ಲಿ ಅಡ್ಡಡ್ಡ ಎರಡು ಸೀಳು. ಒಂದು ಸೀಳಿನಲ್ಲಿ ಪಾದದ ಗೆರೆ ಕಾಣುತ್ತಿದ್ದಂತೆಯೇ ಇನ್ನೊಂದರಲ್ಲಿ ಬಾವುಟ ಕಾಣಬೇಕು. ನಾನು ಕೋಲು ಹಿಡಿದು ಓಣಿಯುದ್ದಕ್ಕೂ ಸರಿಯುತ್ತಾ ಹೋದೆ. ಬಾವುಟ ಸೀಳಿನಲ್ಲಿ ಬಂದು ನಿಲ್ಲುವ ಹೊತ್ತಿಗೆ ನನ್ನ ಕಾಲು ಗದ್ದುಗೆಯ ಕಲ್ಲಿನ ಮೇಲಿತ್ತು.

"ಅಯ್ಯೋ, ಅಲ್ಲಿ ನಿಲ್ಬೇಡಿ ಸ್ವಾಮಿ!" ರುದ್ರಮ್ಮ ತಂಬಿಗೆ ಬಿಟ್ಟು ಓಡಿ ಬಂದರು. "ನಮ್ಮ ಯಜಮಾನ್ರು ಕೂತಿರೋ ಜಾಗ ಅದು. ಅವರ ತಲೆ ಮೇಲೆ ಸರಪಳಿ ಎಳೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮುನಿಶಾಮಪ್ಪ ಆಗಲೇ ಚಪ್ಪಲಿ ಬಿಟ್ಟು ದೂರ ನಿಂತಿದ್ದ. "ಬ್ಯಾಡ ಸಾರ್, ಪಕ್ಕದಾಗೆ ಹಿಡಿಯಾಣ" ಎಂದ. ನನಗೂ ನಾಚಿಕೆಯಾಗಿ ಕೆಳಗಿಳಿದೆ. ಗದ್ದುಗೆ, ಅದರ ಕಟ್ಟೆ, ಸಸಿಯ ಬೇಲಿ ಎಲ್ಲ ತಪ್ಪಿಸಿ ಎಂಟು ಹೆಜ್ಜೆ ಪಕ್ಕಕ್ಕೆ ಸರಿದು, ಅಲ್ಲಿಂದ ಬಾವುಟದ ತನಕ ಸರಪಳಿ ಹಿಡಿದೆವು. ಮೂರು ಸರಪಳಿ ಆರು ಆಣೆ ಬಂತು. ಅದನ್ನೇ ಎತ್ತರ ಎಂದು ಬರೆದೆ.

ಅದು ಎತ್ತರವಲ್ಲ, ಓರೆ ಗೆರೆ ಎಂದು ನನಗೆ ಗೊತ್ತಿತ್ತು. ಹಿತ್ತಿಲಿನ ಏಣಿಯನ್ನು ನಾನು ಮರೆತಿರಲಿಲ್ಲ. ದಾರಿಯಲ್ಲಿ ಹೀಗೆ ಏನಾದರೂ ಅಡ್ಡ ಬಂದರೆ ಪಕ್ಕದಲ್ಲಿ ಸಮಾಂತರವಾಗಿ ಇನ್ನೊಂದು ಗೆರೆ ಹಾಕಿಕೊಂಡು ಅಳೆಯುವ ಉಪಾಯವೂ ಗೊತ್ತಿತ್ತು. ಅದಕ್ಕೆ ಇನ್ನರ್ಧ ಗಂಟೆ ಬೇಕಿತ್ತು. ಹೇಗೂ ಎರಡನೇ ಸಲ ಬೇರೆ ಬದಿಯನ್ನು ಪಾದ ಮಾಡಿಕೊಂಡು ಅಳೆಯುತ್ತೇವಲ್ಲ, ತಪ್ಪಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ ಎಂದುಕೊಂಡೆ.

ಎರಡನೇ ಬದಿ ಹಳ್ಳದ ಪಕ್ಕ. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಆ ಬದಿಯ ಉದ್ದವನ್ನೇನೋ ಮುನಿಶಾಮಪ್ಪ ಪೊದೆ ತಳ್ಳಿಕೊಂಡು ಅಳೆದುಕೊಟ್ಟ. ಅದರ ಮೇಲಿನ ಎತ್ತರ ಅಳೆಯಬೇಕಾದರೆ ಲಂಟಾನದ ಒಳಗೆ ನುಗ್ಗಿ ದಾರಿ ಕಡಿಯಬೇಕಿತ್ತು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ನಾಯಂಡಹಳ್ಳಿಯಲ್ಲಿ ಬಸ್ ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು. "ಸಾಕು ಬಾರಪ್ಪ, ಹೋಗೋಣ" ಎಂದೆ. ನಾನು ಕೊಡಬಹುದಾದ ಕಾರಣ ಇಷ್ಟೇ. ಯಾರ ಒತ್ತಡವೂ ಇರಲಿಲ್ಲ, ಯಾರ ಆಮಿಷವೂ ಇರಲಿಲ್ಲ. ಹಸಿವಾಗಿತ್ತು.

ಮಾರನೆಯ ದಿನ ಕಚೇರಿಯಲ್ಲಿ ಕೂತು ಲೆಕ್ಕ ಮಾಡಿದೆ. ಆರು ಗುಣಿಸು ಮೂರು ಸರಪಳಿ ಆರು ಆಣೆ, ಅರ್ಧ ಮಾಡಿದರೆ ಹತ್ತು ಗುಂಟೆ ಎರಡು ಆಣೆ. ಎರಡನೇ ಖಾನೆ ಖಾಲಿ ಇತ್ತು. ನಾನು ಅದನ್ನು ಹಿಂದಿನಿಂದ ತುಂಬಿದೆ. ಉತ್ತರವನ್ನು ಎರಡರಿಂದ ಗುಣಿಸಿ, ಹಳ್ಳದ ಬದಿಯ ಉದ್ದದಿಂದ ಭಾಗಿಸಿ, ಬಂದದ್ದನ್ನು ಎತ್ತರ ಎಂದು ಬರೆದೆ. ನಿಜವಾಗಿ ಎರಡು ಸಲ ಅಳೆದರೆ ಎರಡೂ ಲೆಕ್ಕ ಎಂದೂ ಪೂರ್ತಿ ಒಂದೇ ಆಗುವುದಿಲ್ಲ. ಅದು ಸುಬ್ಬರಾಯರಿಗೆ ಗೊತ್ತು ಎಂದು ನನಗೂ ಗೊತ್ತು. ಆದ್ದರಿಂದ ಆ ಎತ್ತರವನ್ನು ಬೇಕೆಂದೇ ಒಂದು ಚೂರು ಕಡಿಮೆ ಮಾಡಿ, ಎರಡನೇ ಲೆಕ್ಕ ಹತ್ತು ಗುಂಟೆ ಒಂದು ಆಣೆ ಬರುವ ಹಾಗೆ ನೋಡಿಕೊಂಡೆ. ಕೆಳಗೆ ಸಹಿ ಹಾಕಿದೆ. ಅಷ್ಟು ಜಾಣತನವನ್ನು ನಾನು ಜೀವಮಾನದಲ್ಲಿ ಇನ್ಯಾವ ಕೆಲಸಕ್ಕೂ ಬಳಸಿಲ್ಲ. ಪುಸ್ತಕ ಮುಚ್ಚಿ ಮುಂದಿನ ಹೊಲಕ್ಕೆ ಹೋದೆ.

ಆರು ವಾರದ ನಂತರ ರುದ್ರಮ್ಮ ಕಚೇರಿಗೆ ಬಂದರು. ಜೊತೆಯಲ್ಲಿ ಕಾಮಾಕ್ಷಿಪಾಳ್ಯಕ್ಕೆ ಮದುವೆಯಾಗಿದ್ದ ಮಗಳು ಗಿರಿಜ. ಬಿಡುವ ಪಟ್ಟಿಯ ಕರಡು ತಯಾರಾಗಿತ್ತು, ಅದರಲ್ಲಿ ಅವರ ತುಂಡು ಇಲ್ಲ ಎಂದು ಯಾರೋ ಹೇಳಿದ್ದರು.

"ಹತ್ತು ಗುಂಟೆ ಎರಡಾಣೆ ಅಂತ ಬರ್ದವ್ರಂತೆ ಸ್ವಾಮಿ. ನಮ್ಮ ಯಜಮಾನ್ರು ಸುಳ್ಳು ಹೇಳೋರಲ್ಲ. ಒಂದಾಣೆ ಕಮ್ಮಿ ಅಂತಾನೇ ಅನ್ನೋರು" ಎಂದರು. ದನಿ ಏರಿಸಲಿಲ್ಲ. ನನ್ನನ್ನು ನಂಬಿದವರ ಹಾಗೆ ಮಾತನಾಡಿದರು. "ಅವರನ್ನ ಎಬ್ಬಿಸ್ಬಾರ್ದು ಸ್ವಾಮಿ. ಒಂದ್ಸಲ ಕೂತೋರನ್ನ ಎಬ್ಬಿಸ್ಬಾರ್ದು."

ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಆ ಭಾನುವಾರ ಮುನಿಶಾಮಪ್ಪನನ್ನು ಕರೆದುಕೊಂಡು ಹೋಗಿ, ಗದ್ದುಗೆಯ ಪಕ್ಕದಲ್ಲಿ ಸಮಾಂತರ ಗೆರೆ ಹಾಕಿಕೊಂಡು, ಮಾಡಬೇಕಾದ ರೀತಿಯಲ್ಲಿ ಅಳೆದೆ. ಯಾರೂ ಗದ್ದುಗೆಯನ್ನು ತುಳಿಯಲಿಲ್ಲ, ಸರಪಳಿ ಅದರ ಮೇಲೆ ಹೋಗಲಿಲ್ಲ. ಮೂರು ಸರಪಳಿ ಐದು ಆಣೆ ಬಂತು. ಒಂದೇ ಒಂದು ಆಣೆ, ಎರಡು ಅಡಿ ಕಡಿಮೆ. ಲೆಕ್ಕ ಹಾಕಿದರೆ ಒಂಬತ್ತು ಗುಂಟೆ ಹದಿನೈದು ಆಣೆ. ಹತ್ತಕ್ಕೆ ಒಂದಾಣೆ ಕಮ್ಮಿ. ಸತ್ತ ಮನುಷ್ಯ ಹೇಳಿದ್ದು ಸರಿ, ಸಂಬಳ ತೆಗೆದುಕೊಳ್ಳುವ ನಾನು ಬರೆದದ್ದು ತಪ್ಪು.

ಸೋಮವಾರ ಸುಬ್ಬರಾಯರ ಮುಂದೆ ನಿಂತೆ. ಮೊದಲನೇ ಅಳತೆಯಲ್ಲಿ ಗದ್ದುಗೆ ತಪ್ಪಿಸಲು ಹೋಗಿ ಗೆರೆ ಓರೆಯಾಗಿದೆ ಸಾರ್, ತಿದ್ದಬೇಕು ಎಂದೆ. ಅವರು ಅಳತೆ ಪುಸ್ತಕ ತರಿಸಿ ಆ ಪುಟ ತೆಗೆದರು. ಬಹಳ ಹೊತ್ತು ನೋಡಿದರು.

"ಮೊದಲನೇದು ಓರೆ, ಸರಿ. ಎರಡನೇದು?"

ಅವರು ಬೆರಳನ್ನು ಪಕ್ಕದ ಖಾನೆಗೆ ಸರಿಸಿದರು.

"ಎರಡನೇದು ಹಳ್ಳದ ಬದಿ ಮೇಲೆ ಅಳ್ದಿದೀಯ. ಅಲ್ಲಿ ಗದ್ದುಗೆ ಇಲ್ಲ, ಓರೆ ಇಲ್ಲ. ಅದೂ ಹತ್ತರ ಮೇಲೇ ಬಂದಿದೆ. ಎರಡೂ ಒಂದೇ ಕಡೆಗೆ ಹೇಗಯ್ಯ ತಪ್ಪತ್ತೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಅರ್ಥವಾಗಿತ್ತು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

"ಪಟ್ಟಿ ನಾಳೆ ಮೇಲಕ್ಕೆ ಹೋಗತ್ತೆ. ಎರಡನೇದು ಅಳೆದಿಲ್ಲ ಅಂತಿದ್ರೆ ಈಗ ಹೇಳು, ಬರ್ದು ಕೊಡು. ಆ ಕಾಗದ ಇದ್ರೆ ನಾನು ಪಟ್ಟಿ ತಡೀಬಹುದು. ಅದಿಲ್ದೆ, ಎರಡೂ ಖಾನೆ ಹೊಂದಿರೋ ಪುಟಾನ ನಾನು ಯಾವ ಆಧಾರದ ಮೇಲೆ ತಿದ್ದಲಿ?"

ಕೆಂಗೇರಿಯ ಸರಪಳಿ ಹಾಳಾದದ್ದು ತಪ್ಪು. ಇದು ಸುಳ್ಳು, ಅದರ ಕೆಳಗೆ ನನ್ನ ಸಹಿ. ನನ್ನ ಕೆಲಸ ಖಾಯಂ ಆಗಲು ನಾಲ್ಕು ತಿಂಗಳು ಉಳಿದಿತ್ತು. ಮನೆಯಲ್ಲಿ ತಾಯಿ, ಓದುತ್ತಿದ್ದ ಇಬ್ಬರು ತಂಗಿಯರು. ಇವನ್ನೆಲ್ಲ ಈಗ ಬರೆಯುವಾಗ ನೆಪದ ಹಾಗೆ ಕಾಣುತ್ತವೆ, ಆವತ್ತು ಅವೇ ದೊಡ್ಡದಾಗಿ ಕಂಡವು. ರುದ್ರಮ್ಮನ ಗಂಡ ಅಲ್ಲೇ ಕೂತಿರಬೇಕೋ ಏಳಬೇಕೋ ಎನ್ನುವುದು ನನ್ನ ಒಂದು ಮಾತಿನ ಮೇಲಿತ್ತು.

"ಎರಡನೇದು ಸರಿಯಾಗಿದೆ ಸಾರ್" ಎಂದೆ.

ಸುಬ್ಬರಾಯರು ಪುಸ್ತಕ ಮುಚ್ಚಿದರು. "ಹಾಗಾದ್ರೆ ಇದೇ ಇರಲಿ, ಹೋಗು" ಎಂದರು. ಅವರು ನಿವೃತ್ತರಾಗುವ ತನಕ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೇರೆಯವರನ್ನು ಬೈಯುವುದು ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಪುಸ್ತಕಗಳನ್ನು ಮಾತ್ರ ಅವರು ಅಂದಿನಿಂದ ಬಿಚ್ಚಿ ನೋಡದೆ ಪಕ್ಕಕ್ಕಿಡಲಿಲ್ಲ.

ಮುಂದಿನದು ಎಲ್ಲ ಕಡೆ ಆಗುವ ಹಾಗೆ ಆಯಿತು. ಪಟ್ಟಿ ಹೋಯಿತು, ಆದೇಶ ಬಂತು. ಒಬ್ಬ ಸ್ವಾಮಿಗಳನ್ನು ಕರೆಸಿ ಪೂಜೆ ಮಾಡಿಸಿ, ಗದ್ದುಗೆಯ ಮಣ್ಣನ್ನು ಒಂದು ಬುಟ್ಟಿಯಲ್ಲಿ ತುಂಬಿಕೊಂಡು ರುದ್ರಮ್ಮ ಮಗಳ ಮನೆಗೆ ಹೋದರು. ಅದನ್ನು ಹಾಕಲು ಮಗಳ ಮನೆಯಲ್ಲಿ ಹಿತ್ತಿಲಿರಲಿಲ್ಲ, ಎರಡು ಕೋಣೆಯ ಬಾಡಿಗೆ ಮನೆ. ಬುಟ್ಟಿಯನ್ನು ದೇವರ ಗೂಡಿನ ಕೆಳಗೆ ಇಟ್ಟುಕೊಂಡಿದ್ದಾರೆ ಎಂದು ಮುನಿಶಾಮಪ್ಪ ಹೇಳಿದ. ಅವನಿದ್ದದ್ದು ಅದೇ ಬೀದಿಯಲ್ಲಿ. ಅವನೇ ಒಂದು ದಿನ ಮರುಕದಿಂದ ಅವರಿಗೆ, "ನಾವು ಗದ್ದುಗೆ ಬಳಸ್ಕಂಡು ಹೋದ್ವಲ್ಲಮ್ಮ, ಅದಕ್ಕೇ ಸರಪಳಿ ಸೊಟ್ಟ ಆಗಿ ಒಂದಾಣೆ ಜಾಸ್ತಿ ಬಂದ್ಬಿಡ್ತು" ಎಂದುಬಿಟ್ಟಿದ್ದ. ಅವನಿಗೆ ತಿಳಿದಿದ್ದು ಅಷ್ಟೇ. ಎರಡನೇ ಖಾನೆಯ ವಿಷಯ ನನ್ನನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ.

ಕೆಲಸದ ರೀತಿ ಬೇಗ ಬದಲಾಯಿತು. ಸರಪಳಿ ಹೋಗಿ ಮೀಟರಿನ ಟೇಪು ಬಂತು, ಗುಂಟೆ ಆಣೆ ಹೋಗಿ ಚದರ ಮೀಟರು ಬಂತು, ಆಮೇಲೆ ಕ್ಯಾಲ್ಕುಲೇಟರು, ಕಂಪ್ಯೂಟರು. ಎರಡನೇ ಖಾನೆಯೂ ಹೋಯಿತು. ನಾನು ಮಾತ್ರ ಆಮೇಲೆ ಅಳೆದ ಪ್ರತಿ ತ್ರಿಕೋನವನ್ನೂ ಎರಡು ಸಲ, ಕೆಲವನ್ನು ಮೂರು ಸಲ ಅಳೆದೆ. ಜೊತೆಯವರು ತಮಾಷೆ ಮಾಡಿದರು, ಕಿರಿಯರು ಗೊಣಗಿದರು. ನನ್ನನ್ನು ಪ್ರಾಮಾಣಿಕ ಎಂದು ಕರೆಯಲು ಶುರು ಮಾಡಿದ್ದು ಆಗಲೇ. ಕಾವ್ಯ, ನಿನ್ನ ಫೋನಿನ ಲೆಕ್ಕ ಸುಳ್ಳಾಗಲಿಕ್ಕಿಲ್ಲ. ಆದರೆ ಬೆರಳು ಒತ್ತುವ ಮುಂಚೆ ಆ ಮೂರೂ ಮೂಲೆಗೆ ಒಂದೊಂದು ಸಲ ನಡೆದುಹೋಗಿ ಬಾ. ಹೋಗದಿದ್ದರೆ ಹೋಗಿಲ್ಲ ಎಂದು ಬರೆ. ಬೈಸಿಕೋ, ಕೆಲಸ ಹೋದರೂ ಹೋಗಲಿ.

ರುದ್ರಮ್ಮ ಈಗ ಇಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ. ಅದೇ ಬಡಾವಣೆಯಲ್ಲಿ ಸೈಟಿನ ಕಲ್ಲುಗಳನ್ನು ಪರಿಶೀಲಿಸಲು ಹೋಗಿದ್ದೆ. ಬೆಳಗಿನ ಹತ್ತು ಗಂಟೆ. ಓಣಿ ಇದ್ದ ಕಡೆ ಡಾಂಬರು ರಸ್ತೆ ಬಂದಿತ್ತು, ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ರಸ್ತೆಯ ಅಂಚಿನಲ್ಲಿ ರುದ್ರಮ್ಮ, ಗಿರಿಜ ಇಬ್ಬರೂ ನಿಂತು ಸುತ್ತಲೂ ನೋಡುತ್ತಿದ್ದರು. ರುದ್ರಮ್ಮನ ಕೈಯಲ್ಲಿ ಬಿಲ್ವಪತ್ರೆ, ವಿಭೂತಿ ಇದ್ದ ಒಂದು ತಟ್ಟೆ. ಅವರು ನನ್ನನ್ನು ಗುರುತು ಹಿಡಿದರು.

"ಒಳ್ಳೇ ಹೊತ್ತಿಗೆ ಬಂದ್ರಿ ಸ್ವಾಮಿ. ಇವತ್ತು ನಮ್ಮ ಯಜಮಾನ್ರ ದಿನ. ಪ್ರತಿ ವರ್ಷ ಬರ್ತೀನಿ, ಆದ್ರೆ ಜಾಗ ಗೊತ್ತಾಗಲ್ಲ. ಎಲ್ಲೋ ಒಂದು ಕಡೆ ಇಟ್ಟು ಹೋಗ್ತೀನಿ. ನೀವು ಅಳ್ದೋರು, ಸರಿಯಾಗಿ ಎಲ್ಲಿತ್ತು ಅಂತ ತೋರಿಸಿ ಕೊಡ್ತೀರಾ?"

ಹಳೆಯ ಗಡಿಕಲ್ಲೊಂದು ಚರಂಡಿಯ ಪಕ್ಕ ಇನ್ನೂ ಉಳಿದಿತ್ತು. ಅದರಿಂದ ಅಳೆದು, ಡಾಂಬರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಆ ಪುಟದ ಅಂಕಿಗಳು ನನಗೆ ಪುಸ್ತಕ ನೋಡದೆಯೇ ನೆನಪಿದ್ದವು. ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತೆ. ರುದ್ರಮ್ಮ ಮಗಳ ತೋಳು ಹಿಡಿದುಕೊಂಡು ನಿಧಾನವಾಗಿ ರಸ್ತೆಯ ಮೇಲೆ ಕೂತರು. ವಿಭೂತಿ ಹಚ್ಚಿ, ಪತ್ರೆ ಇಟ್ಟು, ಡಾಂಬರಿಗೆ ಹಣೆ ಮುಟ್ಟಿಸಿದರು.

"ತಪ್ಪಾಯ್ತು ಕಣ್ರಿ" ಎಂದು ಗಂಡನಿಗೆ ಹೇಳಿದರು. "ನಿಮ್ಮನ್ನ ತುಳೀಬಾರ್ದು ಅಂತ ನಾನೇ ಅಡ್ಡ ಬಂದೆ. ನಾನು ಸುಮ್ನಿದ್ದು ಸರಪಳಿಗೆ ದಾರಿ ಬಿಟ್ಟಿದ್ರೆ ನೀವು ಇಲ್ಲೇ ಇರ್ತಿದ್ರಿ. ನನ್ನಿಂದಾನೇ ಎದ್ರಿ."

"ಸುಮ್ನಿರಮ್ಮ, ಪ್ರತಿ ವರ್ಷ ಇದೇ" ಎಂದು ಗಿರಿಜ ಅವರನ್ನು ಎಬ್ಬಿಸಿದಳು. ನಾನು ಬಾಯಿ ತೆರೆದೆ. ಇಲ್ಲಮ್ಮ, ನೀವಲ್ಲ ಎನ್ನಲು ಎರಡೇ ಮಾತು ಬೇಕಿತ್ತು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡೆ.

ರುದ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ನಿಮ್ಗೂ ನನ್ನಿಂದ ತೊಂದ್ರೆ ಆಯ್ತೇನೋ. ಮುದುಕಿ ಮಾತಿಗೆ ಬೆಲೆ ಕೊಟ್ಟು ಪಕ್ಕಕ್ಕೆ ಹೋದ್ರಿ, ನಿಮ್ಮ ಲೆಕ್ಕ ತಪ್ಪಾಯ್ತು. ಮೇಲಿನೋರು ಏನಂದ್ರೋ ಏನೋ. ನೀವೂ ನನ್ನ ಕ್ಷಮಿಸ್ಬಿಡಿ ಸ್ವಾಮಿ" ಎಂದು ಎರಡೂ ಕೈ ಜೋಡಿಸಿದರು.

"ಪರವಾಗಿಲ್ಲ ಬಿಡಿಮ್ಮ" ಎಂದೆ.